ತಪಾಸಣೆಯ ದಿನ ಮನೆಯಲ್ಲಿ ಕೂತವಳು

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಹೋದ ತಿಂಗಳು ತಾವು ನಮ್ಮ ಹೈಸ್ಕೂಲಿಗೆ ಚಿತ್ತೈಸಿ, ಹತ್ತನೇ ತರಗತಿಯ ಹಿಂದುಳಿದ ಮಕ್ಕಳ ವಿಶೇಷ ತರಗತಿಯನ್ನು ಪರಿಶೀಲಿಸಿ, 'ಪ್ರಗತಿ ಅಸಾಧಾರಣ, ಉದ್ದೇಶ ಈಡೇರಿದೆ, ಇನ್ನು ಅಗತ್ಯವಿಲ್ಲ' ಎಂದು ಷರಾ ಬರೆದು ಅದನ್ನು ಮುಚ್ಚಿಸಿದಿರಿ. ಸ್ವಾಮಿ, ಆ ದಿನ ಆ ಕೊಠಡಿಯಲ್ಲಿ ಹಿಂದುಳಿದ ಮಗು ಒಂದೂ ಇರಲಿಲ್ಲ.

ನಾನು ಕೋರ್ಟಿನ ಎದುರು ಕೂತು ಊರವರ ಅರ್ಜಿಗಳನ್ನೆಲ್ಲ ಟೈಪು ಮಾಡಿಕೊಡುವವನು. ನನ್ನದೇ ಅರ್ಜಿ ಹೊಡೆಯುತ್ತಿರುವುದು ಇದೇ ಮೊದಲು. ಅರ್ಧವಾರ್ಷಿಕದಲ್ಲಿ ನನ್ನ ಮಗಳಿಗೆ ಗಣಿತದಲ್ಲಿ ಬಂದದ್ದು ಹನ್ನೊಂದು. ವಿಶೇಷ ತರಗತಿಯ ಮೇಡಂ ಬೈಯಲಿಲ್ಲ. ಕಾಗದ ಮಡಚಿ ಹರಿದು ತೋರಿಸುತ್ತ, ಆರನೇ ತರಗತಿಯ ಭಿನ್ನರಾಶಿಯಿಂದಲೇ ಶುರು ಮಾಡಿದರು. ಮೂರೇ ವಾರಕ್ಕೆ ಇವಳು ಅಡುಗೆಮನೆಯಲ್ಲಿ ಅವಳಮ್ಮನಿಗೆ ಪಾಠ ಹೇಳತೊಡಗಿದಳು. ನಮಗೆ ಹೋದ ಜೀವ ಬಂದಂತಾಗಿತ್ತು.

ತಾವು ಬರುವ ಹಿಂದಿನ ದಿನ, "ಅಪ್ಪಾ, ನಾಳೆ ಸ್ಪೆಷಲ್ ಕ್ಲಾಸಿನ ನಾವು ಹದಿನಾಲ್ಕೂ ಜನ ಬರಬಾರದಂತೆ, ಹೆಡ್‌ಮಾಸ್ಟರ್ ಹೇಳಿದ್ರು," ಅಂದಳು. ರಜೆ ಇರಬೇಕು ಎಂದು ಸುಮ್ಮನಾದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮರುದಿನ ಸಂಜೆ, ಪರೀಕ್ಷೆಯಲ್ಲಿ ಇಡೀ ತರಗತಿಗೇ ಮೊದಲ ಸ್ಥಾನ ಪಡೆಯುವ ಅವಳ ಗೆಳತಿ ಓಡೋಡಿ ಬಂದು, "ನಿನ್ನ ಜಾಗದಲ್ಲಿ ನನ್ನ ಕೂರಿಸಿದ್ರು ಕಣೇ! ನಿನ್ನ ಹೆಸರು ಕೂಗಿದಾಗ ನಾನೇ ಎದ್ದು ಲೆಕ್ಕ ಮಾಡ್ದೆ. ಆಫೀಸರ್ ಶಹಬ್ಬಾಸ್ ಅಂದ್ರು!" ಎಂದು ನಕ್ಕಳು. ಆ ಮಗುವಿನದೇನು ತಪ್ಪು? ನನ್ನ ಮಗಳೂ ನಕ್ಕಳು. ಆಮೇಲೆ ಪುಸ್ತಕ ಮುಚ್ಚಿಟ್ಟಳು.

ಹೆಡ್‌ಮಾಸ್ಟರರನ್ನು ಕೇಳಿದರೆ, "ಪ್ರಗತಿ ಎಲ್ಲಿ ಅಂತ ಮೇಲಿನವರು ನನ್ನನ್ನೇ ನಿಲ್ಲಿಸಿ ಕೇಳ್ತಾರ್ರೀ, ನಾನೇನ್ಮಾಡ್ಲಿ?" ಎಂದರು. ಅವರನ್ನು ಹಾಗೆ ಹೆದರಿಸಿಟ್ಟವರು ಯಾರು, ಮಾನ್ಯರೇ? ಹದಿನಾಲ್ಕೂ ಮಕ್ಕಳು ಒಂದು ತಪ್ಪಿಲ್ಲದೆ ಉತ್ತರಿಸಿದಾಗ ತಮಗೆ ಎಳ್ಳಷ್ಟೂ ಅನುಮಾನ ಬರಲಿಲ್ಲವೇ? ಇಷ್ಟು ಚೂಟಿ ಮಕ್ಕಳಿಗೆ ಇಲ್ಲೇನು ಕೆಲಸ ಎಂದು ಕೇಳಲು ಬಾಯಿ ಬರಲಿಲ್ಲವೇ? ಅಥವಾ ಹೊರಗೆ ಕಾರು ಕಾಯುತ್ತಿತ್ತೇ?

ಈಗ ಶಾಲೆಗೆ ಹೊರಡು ಎಂದರೆ ಅವಳು, "ಅಲ್ಲಿ ನಾನಿಲ್ದಿದ್ರೇನೇ ಎಲ್ಲ ಚೆನ್ನಾಗಿ ನಡೆಯುತ್ತಲ್ಲಪ್ಪಾ," ಅನ್ನುತ್ತಾಳೆ.

ಪರೀಕ್ಷೆಗೆ ಏಳು ವಾರ ಉಳಿದಿದೆ. ತಮ್ಮ ಷರಾ ಹಿಂತೆಗೆದುಕೊಂಡು ಸೋಮವಾರವೇ ಆ ತರಗತಿ ತೆರೆಸಿ, ಅದೇ ಮೇಡಂ ಅವರನ್ನೇ ಪಾಠಕ್ಕೆ ಹಾಕಿಸಿ. ಆಮೇಲೆ ಒಂದು ದಿನ ಹೇಳದೆ ಕೇಳದೆ ಬನ್ನಿ. ನನ್ನ ಮಗಳು ಲೆಕ್ಕ ತಪ್ಪಬಹುದು. ತಪ್ಪಲಿ ಸ್ವಾಮಿ, ತಮ್ಮೆದುರು ಅವಳೇ ಎದ್ದು ನಿಂತು ತಪ್ಪಲಿ.

ಇಂತಿ,
ತಾವು ಹೊಗಳಿ ಹೋದ, ಆದರೆ ಇನ್ನೂ ನೋಡದ ಹುಡುಗಿಯ ಅಪ್ಪ