ಒಗೆಯುವ ಕೋಣೆಯ ಮಾತ್ರೆ ಡಬ್ಬಿ

ಆಸ್ಪತ್ರೆಯ ಅಧೀಕ್ಷಕರಾದ ಮಾನ್ಯರೇ,

ನಿಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಇಸ್ತ್ರಿ ಮೇಜಿನ ಹಿಂದೆ, ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದನ್ನು ತೆಗೆಸಿ. ಅದೇ ಕೋಣೆಯಲ್ಲಿ ನನ್ನ ಜೊತೆ ಒಗೆಯುತ್ತಿದ್ದ ನನ್ನ ಅಕ್ಕನನ್ನು ಅದು ತಿಂದಿತು. ಹೀಗೆ ಹೇಳಲು ನಾನು ಡಾಕ್ಟರಲ್ಲ, ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಆದರೂ ಒಬ್ಬಳೇ ಇದ್ದಾಗಲೆಲ್ಲ ಅದರ ಮುಚ್ಚಳ ತೆರೆಯುವ ಸದ್ದು ಕೇಳುತ್ತದೆ.

ವಾರ್ಡಿನಿಂದ ಇಳಿದು ಬಂದ ಬಟ್ಟೆಯನ್ನು ಯಂತ್ರಕ್ಕೆ ಹಾಕುವ ಮೊದಲು ನಾವು ಕೊಡವುತ್ತೇವೆ. ದಿಂಬಿನ ಕವರಿನಿಂದ ಬಾಚಣಿಗೆ, ಕಿವಿಯೋಲೆ, ಮಾತ್ರೆಗಳು ಬೀಳುತ್ತವೆ. ನರ್ಸಮ್ಮನೆದುರು ನುಂಗಿದಂತೆ ನಟಿಸಿ ದಿಂಬಿನೊಳಗೆ ತುರುಕುವ ರೋಗಿಗಳಿಗೆ ನಿಮ್ಮಲ್ಲಿ ಬರವಿಲ್ಲ. ಓಲೆಯನ್ನು ವಾರ್ಡಿಗೆ ವಾಪಸು ಕಳಿಸುತ್ತೇವೆ. ಮಾತ್ರೆ ಡಬ್ಬಿಗೆ ಹೋಗುತ್ತದೆ. "ನಮ್ದೂ ಒಂದು ಮೆಡಿಕಲ್ ಶಾಪು ನೋಡ್ರೇ, ಬಿಲ್ಲೂ ಇಲ್ಲ, ಡಾಕ್ಟ್ರೂ ಇಲ್ಲ" ಎಂದು, ನಾವು ರೇಡಿಯೋ ಎಂದು ಕರೆಯುವ ಹಿರಿಯಾಕೆ ಎಲ್ಲರನ್ನೂ ನಗಿಸುತ್ತಿದ್ದಳು.

ಆ ಅಂಗಡಿಗೆ ಗಿರಾಕಿಗಳು ಎಲ್ಲಿಂದ ಎನ್ನುತ್ತೀರಾ? ದಿನವಿಡೀ ನೀರಿನಲ್ಲಿ ನಿಲ್ಲುವ ನಾವು ನೀರು ಕುಡಿಯುವುದಿಲ್ಲ. ಹೆಂಗಸರ ಶೌಚಾಲಯದ ಬೀಗದ ಕೈ ಸೂಪರ್‌ವೈಸರ್ ಸೊಂಟದಲ್ಲಿದೆ. ಕೇಳಿದರೆ, "ಈಗ ತಾನೇ ಹೋಗಿದ್ಯಲ್ಲಮ್ಮಾ, ಮತ್ತೇನು?" ಎನ್ನುತ್ತಾನೆ. ತಡೆದು ತಡೆದು ಉರಿಮೂತ್ರ ಶುರುವಾಗುತ್ತದೆ. ಮೇಲೆ ಇಷ್ಟೊಂದು ಡಾಕ್ಟರುಗಳಿರುವಾಗ ಹತ್ತಿ ಹೋಗಬಾರದೇ? ಅಕ್ಕ ಹೋಗಿದ್ದಳು. ಚೀಟಿ ಕಿಟಕಿಯವನು ಸಾಲಿಗೆಲ್ಲ ಕೇಳುವಂತೆ, "ಉರಿನಾ? ಎಲ್ಲಿ ಉರಿ? ಸರಿಯಾಗಿ ಹೇಳು" ಎಂದ. ಹಿಂದಿದ್ದ ಗಂಡಸರು ನಕ್ಕರು. ಒಳಗೆ ಡಾಕ್ಟರು ತಲೆ ಎತ್ತದೆ ಆ್ಯಂಟಿಬಯಾಟಿಕ್ ಗೀಚಿದರು. ಮೂತ್ರ ಪರೀಕ್ಷೆ ಬೇಡವೇ ಎಂದರೆ, "ಎಲ್ರಿಗೂ ಇದೇ ಕೊಡೋದು" ಎಂಬ ಉತ್ತರ. ಅದೇ ಮಾತ್ರೆ ಡಬ್ಬಿಯಲ್ಲೂ ಇತ್ತು. ಮತ್ತೆ ಅವಳೇಕೆ ಮೆಟ್ಟಿಲು ಹತ್ತಬೇಕು? "ಔಷಧವನ್ನು ವೈದ್ಯರ ಸಲಹೆಯಂತೆ ಮಾತ್ರ ಸೇವಿಸಿ" ಎಂದು ನಮ್ಮ ಬಾಗಿಲಿಗೆ ಚಂದದ ಫಲಕ ಹಾಕಿಸಿದ್ದೀರಿ. ಸಲಹೆ ಕೊಡುವ ವೈದ್ಯರನ್ನೂ ಪಕ್ಕದಲ್ಲಿ ನಿಲ್ಲಿಸಿದ್ದರೆ ತಮ್ಮ ಘನತೆಗೆ ಏನಾದರೂ ಕಡಿಮೆಯಾಗುತ್ತಿತ್ತೇ?

ಆಮೇಲೆ ಉರಿ ಬಂದಾಗಲೆಲ್ಲ ಡಬ್ಬಿ. ಉರಿ ನಿಲ್ಲುವ ತನಕ ನುಂಗುವುದು, ನಿಂತ ಕೂಡಲೇ ಉಳಿದದ್ದನ್ನು ವಾಪಸು ಹಾಕುವುದು. ನಮ್ಮಲ್ಲಿ ಅದೇ ಮರ್ಯಾದೆ. ಕೊನೆಯ ತನಕ ನುಂಗಿದವಳು ಸ್ವಾರ್ಥಿ. "ನಿಂಗೆ ವಾಸಿಯಾಯ್ತಲ್ಲ, ಇನ್ನೊಬ್ಳಿಗೆ ಬೇಡ್ವಾ?" ಎನ್ನುತ್ತಾರೆ. ನಮ್ಮ ಅಕ್ಕನಷ್ಟು ಮರ್ಯಾದಸ್ಥಳು ಇನ್ನೊಬ್ಬಳಿರಲಿಲ್ಲ.

ಒಂದು ದಿನ ಅವಳಿಗೆ ಚಳಿಜ್ವರ ಬಂತು, ಬೆನ್ನಿನಲ್ಲಿ ನೋವು. ಇಸ್ತ್ರಿ ಮೇಜಿನ ಬಿಸಿಗೆ ಒತ್ತಿಕೊಂಡು ನಡುಗುತ್ತಿದ್ದಳು. ನೀವು ದಾಖಲು ಮಾಡಿಕೊಂಡಿರಿ, ಇಲ್ಲವೆನ್ನುವುದಿಲ್ಲ. ಪರೀಕ್ಷೆಯನ್ನೂ ಆಗ ಮಾಡಿದಿರಿ. ಲ್ಯಾಬಿನ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು: "ಅಕ್ಕಾ, ರೋಗಾಣು ಬೆಳೆಸಿ ನೋಡಿದ್ವಿ. ಮಾಮೂಲಿ ಔಷಧಿ ಯಾವುದಕ್ಕೂ ಬಗ್ತಿಲ್ಲ. ಸಿಕ್ಕಿದ್ದನ್ನ ಸಿಕ್ಕಷ್ಟು ನುಂಗ್ತಾ ಹೋದ್ರೆ ಸಾಯದೆ ಉಳಿದವು ಗಟ್ಟಿಯಾಗ್ತವೆ." ಸೋಂಕು ಮೂತ್ರಪಿಂಡಕ್ಕೆ ಏರಿ ರಕ್ತಕ್ಕೂ ಸೇರಿತ್ತು. ಬೇರೆ ಇಂಜೆಕ್ಷನ್ ಶುರು ಮಾಡುವಷ್ಟರಲ್ಲಿ ತಡವಾಗಿತ್ತು.

ಅಕ್ಕ ಹೋದ ಮೇಲೆ ಅವಳ ಹಾಸಿಗೆಯ ಬಟ್ಟೆ ಎಲ್ಲರದರ ಜೊತೆ ಕೆಳಗೆ ಬಂತು. ಅವಳದೆಂದು ನನಗೆ ಗೊತ್ತಾದದ್ದು ಗಂಟಿನಿಂದ. ಸಣ್ಣ ಬಟ್ಟೆಗಳು ಕಳೆಯದಂತೆ ದಿಂಬಿನ ಕವರಿಗೆ ನಮ್ಮ ಕೋಣೆಯವರು ಹಾಕುವ ಗಂಟು ಅದು. ಬಿಚ್ಚಿದೆ. ಒಳಗೆ ಮಾತ್ರೆಗಳಿದ್ದವು, ವಾರ್ಡಿನಲ್ಲಿ ಮೊದಮೊದಲು ಅವಳಿಗೆ ಕೊಟ್ಟು, ಅವಳು ನುಂಗದೆ ಉಳಿಸಿಟ್ಟವು. ನೋಡಲು ಹೋದಾಗ, "ನನಗೂ ಉರಿ ಶುರುವಾಗಿದೆ ಅಕ್ಕಾ" ಎಂದಿದ್ದೆ. "ಹೆದರ್ಬೇಡ ಪುಟ್ಟೀ, ಏನಾದ್ರೂ ಕಳಿಸ್ತೀನಿ" ಎಂದಿದ್ದಳು. ಕಳಿಸಿದ್ದಾಳೆ.

ಅವನ್ನು ನುಂಗಿಲ್ಲ, ಎಸೆದೂ ಇಲ್ಲ. ಮತ್ತೆ ಅದೇ ಗಂಟು ಹಾಕಿ ಇಟ್ಟಿದ್ದೇನೆ. ಉರಿ ಇನ್ನೂ ಇದೆ. ಡಬ್ಬಿಯನ್ನು ಏನು ಮಾಡಲಿ? ಚರಂಡಿಗೆ ಸುರಿಯಬಾರದಂತೆ. ಕಸಕ್ಕೆ ಹಾಕಿದರೆ ಯಾರಾದರೂ ಹೆಕ್ಕಿಕೊಂಡರೆ? ರೇಡಿಯೋ ಅಂತೂ ಈಗ ನಗುವುದಿಲ್ಲ: "ಎಸಿತೀಯಾ, ಎಸಿ. ನಾಳೆ ನಂಗೆ ಉರಿ ಬಂದ್ರೆ ನಿನ್ನ ಸಾಹೇಬ್ರು ಬರ್ತಾರಾ?" ಇದಕ್ಕೆ ಉತ್ತರ ನಿಮ್ಮ ಬಳಿ ಇದೆಯೇ?

ಆದ್ದರಿಂದ ಶೌಚಾಲಯದ ಬೀಗ ತೆಗೆಸಿ. ಹೆಂಗಸರ ತೊಂದರೆಯನ್ನು ಬಾಗಿಲು ಮುಚ್ಚಿ ಕೇಳಿ. ಪರೀಕ್ಷೆ ಮಾಡಿಸಿ, ಮಾತ್ರೆ ಬೇಕೋ ಬೇಡವೋ, ಬೇಕಾದರೆ ಯಾವುದು, ಎಷ್ಟು ದಿನ, ಏಕೆ ನಡುವೆ ಬಿಡಬಾರದು ಎಂದು ಬಾಯಿಬಿಟ್ಟು ಹೇಳಿ. ಡಬ್ಬಿಯನ್ನು ನೀವೇ ಬಂದು ಒಯ್ಯಿರಿ.

ನಾಳೆ ಬೆಳಿಗ್ಗೆ ನಾನು ಚೀಟಿ ಕಿಟಕಿಯ ಸಾಲಿನಲ್ಲಿ ನಿಲ್ಲುತ್ತೇನೆ. ಎಲ್ಲಿ ಉರಿ ಎಂದು ಯಾರೂ ಕೂಗದಂತೆ ನೋಡಿಕೊಳ್ಳಿ. ಕೂಗಿದರೆ ನನಗೆ ಧೈರ್ಯ ಸಾಲದು, ಕೆಳಗಿಳಿದುಬಿಡುತ್ತೇನೆ. ಕೆಳಗೆ ಅಕ್ಕನ ಗಂಟು ಇದೆ.

ಇಂತಿ,
ನಿಮ್ಮ ಬಿಳಿ ಕೋಟನ್ನೂ ಅಕ್ಕನ ದಿಂಬಿನ ಕವರನ್ನೂ ಒಂದೇ ಯಂತ್ರದಲ್ಲಿ ಒಗೆಯುವವಳು