ನಿಮ್ಮಪ್ಪ ಹಾಕಿದ ಸೊನ್ನೆಗಳು

ಹಾಲ್ಡೇನ್ ಕ್ರಾಸಿಂಗ್, ಸಸ್ಕ್ಯಾಚುವನ್
ಜನವರಿ ೧೪

ಮುದ್ದು ಮಾರ್ಲಿಸ್,

ಹೇಗಿದ್ದೀಯಮ್ಮ? ನೀನು ಪಾಠ ಮಾಡುವ ಆ ಉತ್ತರದ ತುದಿಯ ಶಾಲೆಗೆ ಸೂರ್ಯ ಇನ್ನೂ ಮುಖ ತೋರಿಸಿಲ್ಲವೇ? ಕೆಮ್ಮು ಹೋಯಿತೋ, ಇಲ್ಲ ಟೋಪಿ ಹಾಕದೆ ಮಕ್ಕಳ ಜೊತೆ ಹಿಮದಲ್ಲಿ ಕುಣಿಯುತ್ತಿದ್ದೀಯೋ? ಕಾಲುಚೀಲ ಹೆಣೆದು ಕಳಿಸಿದ್ದೇನೆ, ಒಂದು ಕಾಲಿನದು ಸ್ವಲ್ಪ ದೊಡ್ಡದಾಗಿದೆ, ಬೈಯಬೇಡ. ಈ ಸುದ್ದಿ ಫೋನಿನಲ್ಲಿ ಹೇಳುವಂತಿಲ್ಲ. ನಾನು ಫೋನ್ ಹಿಡಿದರೆ ಸಾಕು, ನಿಮ್ಮಪ್ಪ ಕಿವಿ ನೆಟ್ಟಗೆ ಮಾಡಿಕೊಂಡು ಪಕ್ಕದಲ್ಲೇ ಇರುತ್ತಾರೆ. ಈಗ ಮನೆಯಲ್ಲಿಲ್ಲ. ಹೌದು, ನೀನು ಸರಿಯಾಗಿಯೇ ಓದಿದ್ದೀಯ, ನಿಮ್ಮಪ್ಪ ಮನೆಯಲ್ಲಿಲ್ಲ!

ಮೊದಲಿನಿಂದ ಹೇಳುತ್ತೇನೆ. ನರದ ಕಾಯಿಲೆ ಹೆಚ್ಚಾಗಿ ಗಾಲಿಕುರ್ಚಿ ಬಂದ ಮೇಲೆ ಅವರು ಹೊಸಿಲು ದಾಟಿರಲಿಲ್ಲ, ನಿನಗೇ ಗೊತ್ತು. ಮೂವತ್ತು ವರ್ಷ ಊರಿನ ಕರ್ಲಿಂಗ್ ಅಂಗಳದಲ್ಲಿ ಕಲ್ಲು ಜಾರಿಸಿ ಆಡಿ, ಅದಕ್ಕೆ ಮಂಜುಗಡ್ಡೆಯನ್ನೂ ತಾವೇ ಹಾಸಿದ ಮನುಷ್ಯ, ಕಿಟಕಿಯಿಂದ ಆ ಕಡೆ ನೋಡುವುದನ್ನೂ ಬಿಟ್ಟಿದ್ದರು. ಅಕ್ಟೋಬರಿನಲ್ಲಿ ನರ್ಸ್ ಬಂದು, ದೀರ್ಘ ಕಾಯಿಲೆಯವರ ಮನಸ್ಸಿಗೆಂದೇ ಇರುವ ಆನ್‌ಲೈನ್ ಪಾಠಕ್ಕೆ ಹೆಸರು ಬರೆಸಿದಳು. ವಾರಕ್ಕೊಂದು ಪಾಠ, ಮಂಗಳವಾರ ರೆಜೈನಾ ನಗರದಿಂದ ಶಾಂಟೆಲ್ ಎಂಬ ಸಲಹೆಗಾರ್ತಿಯ ಫೋನ್. "ನನ್ನ ತಲೆ ನೆಟ್ಟಗಿದೆ, ಕಾಲು ಮಾತ್ರ ಕೆಟ್ಟಿರೋದು" ಎಂದು ಗುಡುಗಿದರು. ಆದರೂ ಮಂಗಳವಾರ ಬಂದರೆ ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು ಕೂರುತ್ತಿದ್ದರು, ಆ ಫೋನಿನಲ್ಲಿ ಮುಖವೇ ಕಾಣದು! ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಎಡವಟ್ಟಾಗಿದ್ದು ಪ್ರಶ್ನೆಪಟ್ಟಿಯಲ್ಲಿ. ಪಾಠಕ್ಕೆ ಮುಂಚೆ ಟ್ಯಾಬ್ಲೆಟ್ ಕೇಳುತ್ತದೆ: ಮನಸ್ಸು ಕುಗ್ಗಿತ್ತೇ, ಏನೂ ಬೇಡ ಅನ್ನಿಸಿತ್ತೇ? ಇಲ್ಲವೆಂದರೆ ಸೊನ್ನೆ, ದಿನವೂ ಎಂದರೆ ಮೂರು. ನಮ್ಮೂರಿನವರು ಗೊತ್ತಲ್ಲ, ಮೈನಸ್ ನಲವತ್ತರ ಚಳಿಯಲ್ಲಿ ಗಾಡಿ ಹಳ್ಳಕ್ಕೆ ಬಿದ್ದರೂ "ಪರವಾಗಿಲ್ಲ ಬಿಡಿ" ಅನ್ನುವ ಜನ. ನಿಮ್ಮಪ್ಪ ಒಂಬತ್ತು ಪ್ರಶ್ನೆಗೂ ಸೊನ್ನೆ ಹಾಕಿದರು. ಪ್ರತಿ ವಾರವೂ ಅಷ್ಟೇ. ಕೇಳಿದರೆ, "ಪಾಪ, ಆ ಹುಡುಗಿಗೆ ಯಾಕೆ ಬೇಜಾರು ಮಾಡೋದು" ಅಂದರು. ಡಿಸೆಂಬರಿನಲ್ಲಿ ಒಂದು ಮಂಗಳವಾರ ಶಾಂಟೆಲ್ ಸ್ಪೀಕರ್ ಫೋನಿನಲ್ಲಿ, "ನಿಮ್ಮ ಉತ್ತರ ನೋಡಿದ್ರೆ ಎಲ್ಲಾ ಚೆನ್ನಾಗಿದೆ ಎಲ್ಡನ್, ಇನ್ನು ನನ್ನ ಫೋನ್ ಬೇಕಾಗಿಲ್ಲ ಅಲ್ವಾ?" ಅಂದಳು. ಬೇಕೆಂದೇ ಅಂದಳೋ ಏನೋ, ಜಾಣೆ.

ನಿಮ್ಮಪ್ಪ ಪೆಚ್ಚಾದರು. ಆಮೇಲೆ, "ತಡಿಯಮ್ಮಾ, ಫೋನ್ ಇಡ್ಬೇಡ. ಅದೆಲ್ಲಾ ಸುಳ್ಳು. ನಾನು ಕರ್ಲಿಂಗ್ ಅಂಗಳಕ್ಕೆ ಹೋದ್ರೆ ಎಲ್ಲಾ ಸುಮ್ಮನಾಗಿ ದಾರಿ ಬಿಡ್ತಾರೆ, ಅದನ್ನ ನೆನೆಸ್ಕೊಂಡ್ರೇ ಹೊಸಿಲು ದಾಟೋಕೆ ಮನಸ್ಸು ಬರಲ್ಲ" ಅಂದರು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಪೆರೋಗಿ ಕಡುಬಿನ ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ಅತ್ತುಬಿಟ್ಟೆ. ಅವರಿಬ್ಬರೂ ಪಟ್ಟಿಯನ್ನು ಮತ್ತೆ ತುಂಬಿದರು, ಈ ಸಲ ಸೊನ್ನೆ ಹೋಗಿ ಬರೀ ಎರಡು, ಮೂರು ಅಂಕಗಳೇ ಬಂದವು. ಪಾಠ ನಿಜವಾಗಿ ಶುರುವಾದದ್ದು ಅವತ್ತು. ವಾರಕ್ಕಿಷ್ಟು ದೂರ ಎಂದು ಶಾಂಟೆಲ್ ಹೇಳಿದಂತೆ ಒಂದು ವಾರ ಗೇಟಿನವರೆಗೆ, ಇನ್ನೊಂದು ವಾರ ಅಂಗಳದ ಕಟ್ಟಡದ ಬಾಗಿಲಿನವರೆಗೆ ಹೋಗಿ ಕಾರಿನಲ್ಲೇ ಕೂತು ವಾಪಸ್.

ಹೋದ ಶನಿವಾರ ಒಳಗೇ ಹೋದೆವು. ಯಾರಾದರೂ ಕನಿಕರ ತೋರಿಸಿದರೆ ಕಥೆ ಮುಗಿಯಿತು ಎಂದುಕೊಂಡೇ ನಾನು ಕುರ್ಚಿ ತಳ್ಳಿದೆ. ಅವರ ಹಳೆಯ ಜೊತೆಯಾಟಗಾರ ವಾಲಿ ದಾರಿ ಬಿಡಲೇ ಇಲ್ಲ! ಕಾಫಿ ಹಿಡಿದು ಅಡ್ಡ ನಿಂತು, "ಏನಯ್ಯಾ, ವರ್ಷದಿಂದ ಹಾಳು ಮಂಜಿನ ಮೇಲೆ ಆಡಿ ಸಾಯ್ತಿದೀವಿ, ಈಗ ಬಂದ್ಯಾ?" ಎಂದು ಜಗಳಕ್ಕೇ ಇಳಿದ. ನಿಮ್ಮಪ್ಪನ ಮುಖ ನೀನು ನೋಡಬೇಕಿತ್ತು. ಕುರ್ಚಿಯಲ್ಲಿ ಕೂತೇ ಉದ್ದ ಕೋಲಿನಿಂದ ಕಲ್ಲು ತಳ್ಳಿದರು. ಅದು ಎಲ್ಲೆಲ್ಲೋ ಹೋಯಿತು. ಮಂಜು ಹಾಸಿದವನನ್ನು ಬೈದರು. ಇವತ್ತೂ ವಾಲಿಯ ಜೊತೆ ಅಲ್ಲೇ ಇದ್ದಾರೆ, ಬೈಯುತ್ತಿರುತ್ತಾರೆ.

ವಾಲಿ ನಿನ್ನನ್ನು ಕೇಳಿದ್ದಾಗಿ ಬರೆಯಲು ಹೇಳಿದ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ವರ್ನಾ

ತಾ.ಕ.: ಕಾರಿನ ಸದ್ದು ಕೇಳಿಸಿತು, ಬೇಗ ಬರೆಯುತ್ತೇನೆ. ಕಾಯಿಲೆಯವರನ್ನು ನೋಡಿಕೊಳ್ಳುವವರಿಗೂ ಅಂಥದೇ ಪಾಠವಿದೆ. ನಿನ್ನೆ ನಾನೂ ಪಟ್ಟಿ ತುಂಬಿದೆ. ಒಂಬತ್ತಕ್ಕೂ ಸೊನ್ನೆ ಹಾಕಿ, ಆಮೇಲೆ ಎಲ್ಲ ಅಳಿಸಿದೆ. ನೀನು ಫೋನಿನಲ್ಲಿ "ಅಮ್ಮಾ, ನಾನು ಬರ್ಲಾ?" ಅಂದಾಗಲೆಲ್ಲ "ಬೇಡ, ಚೆನ್ನಾಗಿದ್ದೀವಿ" ಅಂದೆನಲ್ಲ, ಅದೂ ಸೊನ್ನೆಯೇ. ಬಾ ಮಗಳೇ.