ಆರಿಸಬಾರದ ಯಂತ್ರ

ಸೆಪ್ಟೆಂಬರ್ 20, ಶನಿವಾರ

ಮತ್ತೆ ಡ್ರಿಲ್. ಗೋಡೆಗೆ ತೂತು ಕೊರೆಯುವುದಲ್ಲ, ಗಿರಾಕಿಗಳಿಗೆ ನಾವು ಮಾಡಿಕೊಟ್ಟ ಆಪತ್ತಿನ ಪ್ಲಾನಿನಲ್ಲಿ ಮೊದಲೇ ಇರುವ ತೂತು ಹುಡುಕುವುದು. ಇವತ್ತಿನ ಗಿರಾಕಿ ನನ್ನ ಪಿನ್ನಿಯ, ಅಂದರೆ ಚಿಕ್ಕಮ್ಮನ, ಡಯಾಲಿಸಿಸ್ ಆಸ್ಪತ್ರೆಯೇ. ಅವಳು ಮೇಲೆ ಹಾಸಿಗೆಯಲ್ಲಿ, ನಾನು ನೆಲಮಾಳಿಗೆಯಲ್ಲಿ ಸರ್ವರ್ ಜೊತೆ. ಚಹಾಕ್ಕೆಂದು ಮೇಲೆ ಹೋದಾಗ ಹಿಡಿದಳು.

"ಏನ್ ನಾಯ್ನಾ, ಇವತ್ತೂ ಪ್ರಳಯದ ನಾಟಕಾನಾ?"

"ನಾಟಕ ಅಲ್ಲ ಪಿನ್ನಿ, ಪರೀಕ್ಷೆ. ತುಫಾನು ಬಂದು ವಿಶಾಖದ ಕಂಪ್ಯೂಟರ್ ಮುಳುಗಿದ್ರೆ ವಿಜಯನಗರಂ ಶಾಖೇಲಿ ನಿನ್ನ ಫೈಲು ತೆರ್ಕೊಳ್ಳುತ್ತಾ ಅಂತ ನೋಡೋದು."

"ಅದಕ್ಕೆ ಇಷ್ಟು ಜನಾನಾ? ನನ್ನೇ ಕೇಳ್ರೋ. ನೂಕರತ್ನಂ, ಅರವತ್ತೊಂದು, ಗಂಡ ಇಲ್ಲ, ಕಿಡ್ನಿ ಇಲ್ಲ, ಅಕ್ಕನ ಮಗ ಒಬ್ಬ ಇದ್ದಾನೆ, ಅವನಿಗೆ ಮದುವೆ ಇಲ್ಲ. ಆಯ್ತಾ ಫೈಲು?"

ಅಮ್ಮ ಹೋದಮೇಲೆ ಸಾಕಿದವಳು. ನನ್ನ ಬ್ಯಾಕಪ್ಪೂ ಅವಳೇ, ಬೈಗುಳದ ಸಪ್ಲೈಯೂ ಅವಳದೇ.

ಡ್ರಿಲ್ ಜೋರಾಗಿ ನಡೆಯಿತು. ವಿಜಯನಗರಂನಲ್ಲಿ ಫೈಲುಗಳು ಪಟಪಟನೆ ತೆರೆದುಕೊಂಡವು. ಚಪ್ಪಾಳೆ. ಆಸ್ಪತ್ರೆಯ ಕಂಪ್ಯೂಟರ್ ಮುಖ್ಯಸ್ಥ ಧರ್ಮಾರಾವು ಮಾಡುಗುಲ ಹಲ್ವಾದ ಡಬ್ಬಿ ಬಿಚ್ಚಿದ.

"ಒಂದೇ ಒಂದು ಸಾರಿ ಇಲ್ಲಿನ ಸರ್ವರ್ ಆರಿಸಿ ನೋಡೋಣ ಧರ್ಮಾರಾವು ಗಾರು," ಅಂದೆ. "ಇದು ಉರೀತಾನೇ ಇದ್ರೆ ಅಲ್ಲಿಯದು ಸ್ವಂತ ಕಾಲ ಮೇಲೆ ನಿಂತಿದ್ಯಾ, ಇದರ ಹೆಗಲ ಮೇಲಾ, ಹೇಗೆ ಗೊತ್ತಾಗುತ್ತೆ?"

ಹಲ್ವಾ ಬಾಯಿಯ ದಾರಿಯಲ್ಲೇ ನಿಂತಿತು. "ಆರಿಸೋದು ಅನ್ಬೇಡಿ ಸಾರ್! ಚೇರ್ಮನ್ ಗಾರ ತಾಯಿ ಕೈಯಾರೆ ಶುರುಮಾಡಿದ್ದು. ಅವತ್ತಿಂದ ಒಂದು ಕ್ಷಣ ನಿಂತಿಲ್ಲ. ಅಖಂಡ ದೀಪ ಇದ್ದಂಗೆ."

ನಮ್ಮ ಕಡೆ ದೀಪ ಆರಿತು ಅನ್ನುವುದಿಲ್ಲ, ಬೆಟ್ಟ ಹತ್ತಿತು ಅನ್ನುತ್ತೇವೆ.

"ಸರಿ, ಸ್ವಲ್ಪ ಹೊತ್ತು ಬೆಟ್ಟ ಹತ್ತಿಸೋಣ."

ಧರ್ಮಾರಾವು ಹಲ್ವಾದ ಡಬ್ಬಿಗೆ ಮುಚ್ಚಳ ಹಾಕಿದ.

ಸೆಪ್ಟೆಂಬರ್ 23

'ಪರೀಕ್ಷೆ ಅಪೂರ್ಣ' ಎಂದು ವರದಿ ಬರೆದೆ. ನಮ್ಮ ಬಾಸ್ ವಾರಿಜ ಮೇಡಂ ಹಣೆ ಒತ್ತಿಕೊಂಡರು.

"ಅಸಿರಿ, ನೀನು ಹೋಗಿದ್ದು ಸರ್ವರ್ ಪರೀಕ್ಷೆಗಾ, ಅವರ ಭಕ್ತಿಯ ಪರೀಕ್ಷೆಗಾ?"

ಇಬ್ಬರೂ ಚೇರ್ಮನ್ ಸತ್ಯಾರಾವು ಗಾರ ಮುಂದೆ. ಒಳ್ಳೆಯ ಮನುಷ್ಯ. ಅದೇ ತೊಂದರೆ. ಬೈದರೆ ಜಗಳವಾಡಬಹುದು, ಅವರು ಗೋಡಂಬಿ ಕೊಡುತ್ತಾರೆ.

"ಏನ್ ಬಾಬು, ದೇವರ ದೀಪ ಆರಿಸಿ, ಬೆಂಕಿಪೊಟ್ಟಣ ಕೆಲಸ ಮಾಡುತ್ತಾ ಅಂತ ಯಾರಾದ್ರೂ ನೋಡ್ತಾರಾ?"

"ಕಡ್ಡಿ ಒದ್ದೆ ಆಗಿದ್ರೆ ಸಾರ್, ಕತ್ತಲಾದಮೇಲೇನೇ ಗೊತ್ತಾಗೋದು."

ಹೊಟ್ಟೆ ಕುಣಿಯುವಂತೆ ನಕ್ಕರು. "ಮಾತುಗಾರ ಬಿಡಮ್ಮಾ ನಿಮ್ಮ ಹುಡುಗ!" ಎಂದು ಮೇಡಂಗೆ ಹೇಳಿದರು. ಮುಂದಿನ ವರ್ಷ ನೋಡೋಣವಂತೆ.

ಮೇಡಂ ಸಹಿಯಲ್ಲಿ ವರದಿ 'ತೃಪ್ತಿಕರ' ಆಯಿತು. ನನ್ನ ವಾಕ್ಯ ಅನುಬಂಧಕ್ಕೆ ಇಳಿಯಿತು. ಅನುಬಂಧ... ಯಾರಿಗೂ ಯಾವ ಬಂಧವೂ ಇಲ್ಲದ ಪುಟ.

ಅಕ್ಟೋಬರ್ 1, ಆಯುಧಪೂಜೆ

ಸರ್ವರಿಗೆ ಕುಂಕುಮ, ಚೆಂಡುಹೂವು, ನಿಂಬೆಹಣ್ಣು. ಸರ್ವರಿಗೂ ಪ್ರಸಾದ. ಧರ್ಮಾರಾವು ಕಣ್ಣು ಮುಚ್ಚಿ ಮಂಗಳಾರತಿ ಎತ್ತಿದ. ಅದೂ ಹಸಿರು ದೀಪ ಮಿಟುಕಿಸಿ ಹರಸಿತು.

ಪಿನ್ನಿ ಗೆಲುವಾಗಿದ್ದಾಳೆ. ಊಟ ಸೇರುತ್ತಿದೆ, ಕೆನ್ನೆ ತುಂಬಿದೆ. ಹೃದಯ ಮಾತ್ರ ನಾಜೂಕು. ಡಯಾಲಿಸಿಸ್‌ನಲ್ಲಿ ಮೈಯ ನೀರು ತೆಗೆಯುವಾಗ ಹುಷಾರಾಗಿರಬೇಕು ಅಂತಾರೆ ಡಾಕ್ಟರು. ಎಷ್ಟು ತೂಕಕ್ಕೆ ತಂದು ನಿಲ್ಲಿಸಬೇಕೋ ಆ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ. ಕಾಗದ ಬಿಟ್ಟ ಆಸ್ಪತ್ರೆ. ಅದಕ್ಕೊಂದು ಪ್ರಶಸ್ತಿ ಫಲಕವೂ ಇದೆ.

ಅಕ್ಟೋಬರ್ 12, ಭಾನುವಾರ

ತುಫಾನು ನಮ್ಮ ಕಡೆಗೇ ತಿರುಗಿದೆ. ಆಸ್ಪತ್ರೆ ನಮ್ಮ ಪ್ಲಾನ್ ಕೈಗೆತ್ತಿಕೊಂಡಿತು. ಪ್ಲಾನಿನಂತೆ ರೋಗಿಗಳು ಬಸ್ಸಿನಲ್ಲಿ ವಿಜಯನಗರಂಗೆ. ನಾನು ನೆಲಮಾಳಿಗೆಯ ಬಾಗಿಲಿಗೆ ಮರಳಿನ ಚೀಲ ಜೋಡಿಸುತ್ತಿದ್ದೆ. ಥಟ್ಟನೆ ಹೊಳೆಯಿತು—ಪಿನ್ನಿಯ ಫೈಲಿನ ಫೋಟೋ ತೆಗೆದಿಟ್ಟುಕೊಂಡರೆ? ಓಡಿದೆ. ಮೇಲೆ ಕಂಪ್ಯೂಟರ್ ಪರದೆಗಳಿಗೆಲ್ಲ ಆಗಲೇ ಪ್ಲಾಸ್ಟಿಕ್ ಸುತ್ತಿ, ತಂತಿ ಕಿತ್ತು ಪೇರಿಸಿಬಿಟ್ಟಿದ್ದರು. ಅದೂ ನಮ್ಮ ಪ್ಲಾನಿನಲ್ಲೇ ಇದೆ.

ಬಸ್ಸಿನ ಕಿಟಕಿಯಲ್ಲಿ ಪಿನ್ನಿ. ಹೊಸ ಸೀರೆ.

"ಮುಖ ಯಾಕೋ ಹಂಗೆ? ನಾನೇನು ಅತ್ತೆಮನೆಗೆ ಹೋಗ್ತಿದೀನಾ?"

"ತೂಕ ಎಷ್ಟಕ್ಕೆ ನಿಲ್ಲಿಸ್ಬೇಕು ಅಂತ ಗೊತ್ತಾ ನಿಂಗೆ?"

"ಹೆಂಗಸಿನ ತೂಕ ಕೇಳ್ತೀಯಲ್ಲೋ, ನಾಚಿಕೆ ಇಲ್ವಾ!"

ಬಸ್ಸಿಡೀ ನಕ್ಕಿತು. ಹೊರಟಿತು.

ಅಕ್ಟೋಬರ್ 14

ಮಧ್ಯಾಹ್ನ. ಗಾಳಿ ಅಲ್ಲ ಇದು. ಯಾರೋ ಊರನ್ನು ಹಿಡಿದು ಕೊಡವುತ್ತಿದ್ದಾರೆ.

ನೀರು ಮರಳಿನ ಚೀಲಗಳನ್ನು ಹಾರಿ ನೆಲಮಾಳಿಗೆಗೆ ಬಂತು. "ಈಗಲಾದ್ರೂ ಆರಿಸಿ, ಮೇಲೆ ಹೊತ್ಕೊಂಡು ಹೋಗೋಣ," ಅಂದೆ. ಧರ್ಮಾರಾವು ಮೊಣಕಾಲು ನೀರಿನಲ್ಲಿ ನಿಂತು ಚೇರ್ಮನ್ ಗಾರಿಗೆ ಫೋನ್ ಹಚ್ಚುತ್ತಲೇ ಇದ್ದ, ಅನುಮತಿಗೆ. ಫೋನ್ ಹೋಗಲಿಲ್ಲ. ಆಮೇಲೆ ಸರ್ವರ್ ತಾನೇ ಆರಿತು. ಚಟ್ ಎಂಬ ಸಣ್ಣ ಸದ್ದು. ಅಷ್ಟೇ.

ವಿಜಯನಗರಂ ಲೈನ್ ಒಮ್ಮೆ ಸಿಕ್ಕಿತು. ಫೈಲುಗಳು ಎಲ್ಲವೂ ಅಲ್ಲಿವೆ, ತೆರೆಯುತ್ತಿಲ್ಲ. ಕೇಳುತ್ತಿರುವ ಡಾಕ್ಟರು ನಮ್ಮವರೇ ಎಂದು ಗುರುತು ಹಿಡಿಯುವ ಕೆಲಸ ಇಲ್ಲಿನ ಯಂತ್ರದ್ದಂತೆ. ಅಲ್ಲಿಯದು ಕೇಳುತ್ತಲೇ ಇದೆ. ಉತ್ತರ ಕೊಡಬೇಕಾದದ್ದು ನೀರಿನಲ್ಲಿದೆ.

ಲೈನ್ ಕಡಿಯಿತು.

ಅಕ್ಟೋಬರ್ 15

ಫೋನ್ ಇಲ್ಲ. ಕರೆಂಟ್ ಇಲ್ಲ. ಬೈಕಿನಲ್ಲಿ ವಿಜಯನಗರಂಗೆ ಹೊರಟೆ. ಮರಗಳು ರಸ್ತೆಗೆ ಅಡ್ಡ ಮಲಗಿವೆ. ಆನಂದಪುರಂ ದಾಟಲು ಪೊಲೀಸರು ಬಿಡಲಿಲ್ಲ. ಎಂಥ ಹೆಸರಿನ ಊರು.

"ಎಲ್ರಿಗೂ ಅರ್ಜೆಂಟೇ ಬಾಬು," ಅಂದ ಪೊಲೀಸಿನವ. "ನಮ್ಮ ಮನೆಯೋರು ಭೀಮಿಲಿಯಲ್ಲಿದಾರೆ. ನಾನು ಹೋದ್ನಾ?"

ಪಿನ್ನಿಗೆ ಡಯಾಲಿಸಿಸ್ ಆಗಿದ್ದು ಶನಿವಾರ. ನಿನ್ನೆ ಆಗಬೇಕಿತ್ತು.

ಅಕ್ಟೋಬರ್ 16

ಹಾಲಿನ ವ್ಯಾನಿನಲ್ಲಿ ತಲುಪಿದೆ.

ಪಿನ್ನಿ ಐಸಿಯುನಲ್ಲಿ. ಪ್ರಜ್ಞೆ ಇಲ್ಲ.

ಡಾಕ್ಟರ್ ಹೈಮಾವತಿ ನನಗಿಂತ ಚಿಕ್ಕವರು. ಕಣ್ಣು ಕೆಂಪು. ನಿಂತೇ ಹೇಳಿದರು. "ಮೈಯೆಲ್ಲ ನೀರು. ಉಸಿರು ಸಿಗ್ತಿರ್ಲಿಲ್ಲ ಅವರಿಗೆ. ಕಾಯೋ ಹಾಗಿರ್ಲಿಲ್ಲ. ಫೈಲು ತೆರೀಲಿಲ್ಲ. ಅವರನ್ನೇ ಕೇಳಿದೆ. ನಲವತ್ತೆರಡು ಕೆಜಿ ಅಂದ್ರು. ಎರಡು ಸಾರಿ ಕೇಳ್ದೆ. ಎರಡು ಸಾರೀನೂ ಅದೇ ಅಂದ್ರು. ಅಷ್ಟಕ್ಕೆ ಇಳಿಸೋ ಹೊತ್ತಿಗೆ ಬಿಪಿ ಬಿತ್ತು, ಹಾರ್ಟ್ ನಿಂತ್ಹೋಯ್ತು. ಮತ್ತೆ ಹಿಡ್ಕೊಂಡ್ವಿ, ಆದ್ರೆ..." ಆಮೇಲೆ, "ನೀವೇ ಹೇಳಿ, ಇನ್ನೇನು ಮಾಡ್ಬೇಕಿತ್ತು ನಾನು?"

ಏನೂ ಇಲ್ಲ. ಅವರು ಮಾಡಬಹುದಾಗಿದ್ದು ಬೇರೇನೂ ಇರಲಿಲ್ಲ.

ಪಿನ್ನಿಯ ಕೈ ಹಿಡಿದು ಕೂತೆ. ಅವಳು ಬೈಯಲಿ ಎಂದು ಬೇಕೆಂದೇ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಿದ್ದೆ. ನರ್ಸ್ ಬೈದಳು.

ಅಕ್ಟೋಬರ್ 17

ವಿಜಯನಗರಂ ಯಂತ್ರಕ್ಕೆ ಡಾಕ್ಟರುಗಳ ಗುರುತು ತಾನೇ ಹಿಡಿಯುವುದನ್ನು ಕಲಿಸಿದೆವು. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯವರು ಫೋನಿನಲ್ಲಿ, ನಾನು ಕೀಲಿಮಣೆಯಲ್ಲಿ. ಕಷ್ಟದ ಕೆಲಸವೇನಲ್ಲ. ಡ್ರಿಲ್ ದಿನ ಆರಿಸಿ ನೋಡಿದ್ದರೆ ಅವತ್ತು ಸಂಜೆಯೇ ಮುಗಿಯುತ್ತಿತ್ತು.

ಮೊದಲು ತೆರೆದದ್ದು ಪಿನ್ನಿಯ ಫೈಲು. ನಿಲ್ಲಿಸಬೇಕಾದ ತೂಕ ನಲವತ್ತೈದೂವರೆ. ಮೈ ಹತ್ತಿದ್ದರಿಂದ ಕಳೆದ ತಿಂಗಳು ತಿದ್ದಿದ್ದಾರೆ. ಅವಳಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಹಳೆಯದು ನೆನಪಿತ್ತು, ಅದನ್ನೇ ಹೇಳಿದಳು.

ಚೇರ್ಮನ್ ಗಾರ ಫೋನ್. "ಬಾಬು, ಒಂದು ಫೈಲೂ ಹೋಗಿಲ್ಲವಂತೆ! ನಿಮ್ಮ ಪ್ಲಾನ್ ಕೆಲಸ ಮಾಡ್ತು!" ದನಿ ಗದ್ಗದ. ನಿಜವಾಗಿ ಅತ್ತರು. ಪಿನ್ನಿಯ ವಿಷಯ ಅವರಿಗೆ ಯಾರೂ ಹೇಳಿಲ್ಲ. ನಾನೂ ಹೇಳಲಿಲ್ಲ. "ಹೌದು ಸಾರ್," ಅಂದೆ.

ಅಕ್ಟೋಬರ್ 18, ಶನಿವಾರ, ಬೆಳಿಗ್ಗೆ

ಐಸಿಯು ಹೊರಗಿನ ಬೆಂಚು. ನನ್ನ ಮೊಬೈಲಿಗೆ ಆಸ್ಪತ್ರೆಯ ಸಂದೇಶ ಬಂತು; ಪಿನ್ನಿಯ ಫೈಲಿನಲ್ಲಿರುವುದು ನನ್ನ ನಂಬರೇ.

'ನೂಕರತ್ನಂ ಗಾರು, ನಿಮ್ಮ ಡಯಾಲಿಸಿಸ್ ಇಂದು ಹತ್ತು ಗಂಟೆಗೆ. ಬರುವುದಾದರೆ 1, ಇಲ್ಲವಾದರೆ 2 ಕಳುಹಿಸಿ.'

ಯಂತ್ರ ಎದ್ದಕೂಡಲೇ ಮೊದಲು ಶುರುವಾಗಬೇಕಾದ ಸೇವೆ ಇದು. ಪ್ಲಾನಿನಲ್ಲಿ ಆ ಸಾಲು ಬರೆದವನು ನಾನೇ. ರೋಗಿಗಳಿಗೆ ಧೈರ್ಯ ಬರಲಿ ಎಂದು.

ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳುತ್ತದೆ. ಕೇಳಿತು.

ಒಂದು ಒತ್ತಲಾರೆ. ಎರಡು ಒತ್ತಲು ಬೆರಳು ಬರುತ್ತಿಲ್ಲ.

ಬಾಗಿಲು ತೆರೆಯಿತು. ಡಾಕ್ಟರ್ ಹೈಮಾವತಿ. ನನ್ನನ್ನು ನೋಡಿಯೂ ಹತ್ತಿರ ಬರುತ್ತಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ಒರೆಸುತ್ತಾ ತಲೆ ಅಡ್ಡಡ್ಡ ಆಡಿಸುತ್ತಿದ್ದಾರೆ.